ಗ್ರ್ಯಾಬ್ ಬಾರ್ ಕಿತ್ತು ಬರದಂತೆ ಕೂರಿಸುವುದು ಹೇಗೆ?

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ನಮ್ಮ ಸ್ವಂತ ಮನೆಯಿದೆ. ಅವ್ವನಿಗೆ 74 ವರ್ಷ. ಬಲ ಮೊಣಕಾಲಿನ ಕೀಲು ಬದಲಿಸಿ ಎಂಟು ತಿಂಗಳಾಗಿವೆ. ಶವರ್ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸ್ನಾನ ಮಾಡುತ್ತಾರೆ. ಕೂರುವಾಗ, ಏಳುವಾಗ ಹಿಡಿಯಲೆಂದು ರಬ್ಬರ್ ಬಟ್ಟಲಿನಿಂದ ಟೈಲ್ಸಿಗೆ ಅಂಟುವ ಹಿಡಿಕೆಯೊಂದನ್ನು ತರಿಸಿದ್ದೆವು. ಹದಿನೈದು ದಿನಕ್ಕೆ ಅದು ಕೈಗೇ ಬಂತು. ಪುಣ್ಯಕ್ಕೆ ಆಗ ಹಿಡಿದಿದ್ದವಳು ನಾನು. ಈಗ 24 ಇಂಚಿನ ಸ್ಟೀಲ್ ಬಾರ್ ತಂದಿದ್ದೇವೆ. ಗೌಂಡಿಯವರು ‘ಟೈಲ್ಸ್ ಒಡೀತಾವ್ರಿ, ಜವಾಬ್ದಾರಿ ನಂದಲ್ಲ’ ಎನ್ನುತ್ತಾರೆ. ಬಚ್ಚಲಮನೆಯ ಒಂದು ಗೋಡೆಯ ಆಚೆ ಮಲಗುವ ಕೋಣೆ, ಇನ್ನೊಂದು ಗೋಡೆ ಹೊರಗಿನದು. ಬಾರನ್ನು ಎಲ್ಲಿ, ಎಷ್ಟು ಎತ್ತರಕ್ಕೆ, ಹೇಗೆ ಕೂರಿಸಬೇಕು?

ಉತ್ತರ: ನಿಮ್ಮ ಗೌಂಡಿಯವರ ಚಿಂತೆ ಟೈಲ್ಸಿನದು, ನನ್ನ ಚಿಂತೆ ಟೈಲ್ಸಿನ ಹಿಂದಿರುವ ಗೋಡೆಯದು. ಟೈಲ್ಸ್ ಒಡೆದರೆ ಕಣ್ಣಿಗೆ ಕಾಣುತ್ತದೆ, ಬದಲಿಸಬಹುದು. ಆದರೆ ಬಾರ್ ನೇರವಾಗಿ, ಹೊಳೆಯುತ್ತ, ಅಲುಗಾಡದೆ ನಿಂತಿದ್ದೂ ಒಳಗೆ ಗಟ್ಟಿಯಾದ ಯಾವುದನ್ನೂ ಹಿಡಿದುಕೊಂಡಿಲ್ಲದಿದ್ದರೆ ಅದು ಗೊತ್ತಾಗುವುದು ನಿಮ್ಮ ತಾಯಿಯವರು ಜಾರಿದ ಕ್ಷಣದಲ್ಲಿ ಮಾತ್ರ. ಬೆಳಗಾವಿಯ ಮನೆಯೊಂದರಲ್ಲಿ ಹೀಗೆ ಕಿತ್ತು ಬಂದ ಬಾರನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಆರು ಸ್ಕ್ರೂಗಳ ಮೇಲೂ ಪ್ಲಾಸ್ಟಿಕ್ ಗಿಟ್ಟಿಗಳು ಹಾಗೆಯೇ ಇದ್ದವು, ಗಿಟ್ಟಿಗಳ ಸುತ್ತ ಬೂದು ಬಣ್ಣದ ಗಿಲಾವಿನ ಪುಡಿ ಮೆತ್ತಿತ್ತು, ಇಟ್ಟಂಗಿಯ ಕೆಂಪು ಎಲ್ಲಿಯೂ ಇರಲಿಲ್ಲ. ಆ ಬಾರ್ ಅಷ್ಟು ದಿನವೂ ಬರಿಯ ಗಿಲಾವಿನಲ್ಲಿಯೇ ನಿಂತಿತ್ತು.

ಕಾರಣ ಸರಳವಾಗಿದೆ. ಗೋಡೆಯ ಟೈಲ್ಸಿನ ದಪ್ಪ ಸುಮಾರು 8 ಮಿಲಿಮೀಟರ್. ಅದರ ಹಿಂದೆ, ಸಿಮೆಂಟಿನಲ್ಲಿ ಕೂರಿಸಿದ್ದರೆ 10ರಿಂದ 20 ಮಿಲಿಮೀಟರಿನಷ್ಟು ಕಲಸು ಇರುತ್ತದೆ. ಅದರ ಹಿಂದೆ 12ರಿಂದ 15 ಮಿಲಿಮೀಟರ್ ಗಿಲಾವು. ಇಟ್ಟಂಗಿ ಶುರುವಾಗುವುದೇ ಮೇಲ್ಮೈಯಿಂದ 30–40 ಮಿಲಿಮೀಟರ್ ಒಳಗೆ. ಬಾರ್ ಜೊತೆ ಡಬ್ಬಿಯಲ್ಲಿ ಬರುವ ಸ್ಕ್ರೂಗಳು ಸಾಮಾನ್ಯವಾಗಿ 35–40 ಮಿಲಿಮೀಟರಿನವು. ಅಂದರೆ ಅವು ಗೋಡೆಯ ಬಾಗಿಲಿಗೆ ಬಂದು ನಿಂತುಬಿಡುತ್ತವೆ, ಒಳಗೆ ಹೋಗುವುದಿಲ್ಲ. ಆ ಸ್ಕ್ರೂ ಮತ್ತು ಗಿಟ್ಟಿಗಳನ್ನು ದಯವಿಟ್ಟು ಪಕ್ಕಕ್ಕಿಡಿ. ಟವೆಲ್ ಸರಳಿಗೋ ಕನ್ನಡಿಗೋ ಉಪಯೋಗಕ್ಕೆ ಬಂದಾವು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಅಮೆರಿಕದ ಅಂಗವಿಕಲ ಸ್ನೇಹಿ ಕಟ್ಟಡಗಳ ಮಾನದಂಡದ ಪ್ರಕಾರ ಇಂಥ ಬಾರ್, ಅದನ್ನು ಹಿಡಿದಿರುವ ಸ್ಕ್ರೂ ಮತ್ತು ಗೋಡೆ, ಎಲ್ಲವೂ 250 ಪೌಂಡ್, ಅಂದರೆ ಸುಮಾರು 113 ಕಿಲೋ ಭಾರವನ್ನು ತಡೆಯಬೇಕು. ಆ ಭಾರವೆಲ್ಲ ಒಂದೇ ತುದಿಯ ಮೇಲೆ ಬಿತ್ತೆಂದುಕೊಳ್ಳಿ. ಬಾರಿನ ನಡುಗೆರೆ ಗೋಡೆಯಿಂದ ಸುಮಾರು 55 ಮಿಲಿಮೀಟರ್ ಹೊರಗಿರುತ್ತದೆ. ಬಾರಿನ ತುದಿಯಲ್ಲಿ ಗೋಡೆಗೆ ಕೂರುವ, ಸ್ಕ್ರೂ ತೂತುಗಳಿರುವ ದುಂಡು ತಗಡಿನ ಚಕ್ರದಲ್ಲಿ ಮೇಲಿನ ಸ್ಕ್ರೂಗಳಿಂದ ಚಕ್ರದ ಕೆಳ ಅಂಚಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಆದ್ದರಿಂದ ಕೆಳಮುಖವಾಗಿ ಬಿದ್ದ ಭಾರ ಸ್ಕ್ರೂಗಳನ್ನು ಕೆಳಗೆ ಒತ್ತುವುದಷ್ಟೇ ಅಲ್ಲ, ಹೆಚ್ಚುಕಡಿಮೆ ಅಷ್ಟೇ ಬಲದಿಂದ ಮೇಲಿನ ಎರಡು ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಸೆಳೆಯುತ್ತದೆ. ಒಂದೊಂದು ಸ್ಕ್ರೂವಿಗೆ ಐವತ್ತು ಕಿಲೋ ಮೀರಿದ ಸೆಳೆತವನ್ನು, ಅದೂ ಒಮ್ಮೆಲೇ ಬೀಳುವ ಸೆಳೆತವನ್ನು, ಗಿಲಾವು ತಡೆದೀತೆಂದು ನಂಬಲಾಗದು. ರಬ್ಬರ್ ಬಟ್ಟಲಿನ ಹಿಡಿಕೆಯ ಕಥೆಯೂ ಇದೇ. ಅದು ನಿಲ್ಲುವುದು ಒಳಗಿನ ಗಾಳಿ ಹೊರಗೆ ಹೋಗಿರುವವರೆಗೆ. ಸಾಬೂನಿನ ಪದರ, ಟೈಲ್ಸಿನ ಸಣ್ಣ ಉಬ್ಬುತಗ್ಗು, ಬೋರ್‌ವೆಲ್ ನೀರಿನ ಉಪ್ಪಿನ ಕರೆ, ಇವುಗಳಲ್ಲಿ ಯಾವುದಾದರೊಂದು ಅಂಚಿನಲ್ಲಿ ಗಾಳಿಗೆ ದಾರಿ ಮಾಡಿಕೊಟ್ಟರೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅದನ್ನು ಮತ್ತೆ ಅಂಟಿಸಬೇಡಿ.

ಹಾಗಾದರೆ ನಿಮ್ಮ ಗೋಡೆ ಯಾವುದು? ಬಾಗಿಲ ಚೌಕಟ್ಟಿನ ಬಳಿ ಅಥವಾ ಕಿಟಕಿಯ ಬಳಿ ಟೇಪ್ ಹಿಡಿದು ದಪ್ಪ ಅಳೆಯಿರಿ. ಟೈಲ್ಸ್ ಮತ್ತು ಗಿಲಾವು ಸೇರಿ ಹತ್ತೂವರೆ, ಹನ್ನೊಂದು ಇಂಚು ಬಂದರೆ ಅದು ಒಂಬತ್ತು ಇಂಚಿನ ಗೋಡೆ. ಐದೂವರೆ, ಆರು ಇಂಚು ಬಂದರೆ ನಾಲ್ಕು ಇಂಚಿನದು. ನಿಮ್ಮ ಮನೆಯಲ್ಲಿ ಹೊರಗೋಡೆ ಒಂಬತ್ತು ಇಂಚಿನದೂ ಮಲಗುವ ಕೋಣೆಯ ಕಡೆಯದು ನಾಲ್ಕು ಇಂಚಿನದೂ ಆಗಿರುವ ಸಂಭವ ಹೆಚ್ಚು. ದಪ್ಪದ ನಂತರ ಒಳಗೆ ಯಾವ ವಸ್ತು ಇದೆ ಎಂಬುದು ತಿಳಿಯಬೇಕು. ಇದಕ್ಕೆ ಟೈಲ್ಸನ್ನು ಮುಟ್ಟುವ ಅಗತ್ಯವೇ ಇಲ್ಲ. ಗೋಡೆಯ ಇನ್ನೊಂದು ಮಗ್ಗುಲಿನಿಂದ, ಅಂದರೆ ಮಲಗುವ ಕೋಣೆಯಿಂದಲೋ ಹೊರಗಿನಿಂದಲೋ, 5 ಮಿಲಿಮೀಟರಿನ ಬಿಟ್ಟಿನಿಂದ ಎರಡು ಇಂಚು ಆಳದ ಒಂದು ಪರೀಕ್ಷಾ ರಂಧ್ರ ಕೊರೆದು ಉದುರುವ ಪುಡಿಯನ್ನು ಕಾಗದದ ಮೇಲೆ ಹಿಡಿಯಿರಿ. ಮೊದಲು ಬರುವುದು ಗಿಲಾವಿನ ಬೂದು ಪುಡಿ. ಆಮೇಲೆ ಕೆಂಪು ಬಂದರೆ ಸುಟ್ಟ ಇಟ್ಟಂಗಿ. ಬೂದು ಬಣ್ಣವೇ ಮುಂದುವರಿದು ಬಿಟ್ ಕಷ್ಟಪಟ್ಟು ಇಳಿದರೆ ಗಟ್ಟಿ ಸಿಮೆಂಟ್ ಬ್ಲಾಕ್ ಅಥವಾ ಕಾಂಕ್ರೀಟ್ ಕಂಬ. ಇಳಿಯುತ್ತಿದ್ದ ಬಿಟ್ ಒಮ್ಮೆಲೇ ಖಾಲಿ ಜಾಗಕ್ಕೆ ಬಿದ್ದಂತಾದರೆ ಪೊಳ್ಳು ಬ್ಲಾಕ್. ಬೆಣ್ಣೆಯಲ್ಲಿ ಇಳಿದಂತೆ ಇಳಿದು ಬೆಳ್ಳಗಿನ ಹಗುರ ಪುಡಿ ಬಂದರೆ ಈಚಿನ ಅಪಾರ್ಟ್‌ಮೆಂಟುಗಳಲ್ಲಿ ಕಾಣುವ ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಸಣ್ಣ ಗಾಳಿಗುಳ್ಳೆಗಳಿರುವ ಹಗುರ ಸಿಮೆಂಟ್ ಬ್ಲಾಕ್. ಆ ರಂಧ್ರವನ್ನು ಪುಟ್ಟಿಯಿಂದ ಮುಚ್ಚಿದರೆ ಮುಗಿಯಿತು; ಇಡೀ ಕೆಲಸದಲ್ಲಿ ಇದಕ್ಕಿಂತ ಅಗ್ಗದ ವಿಮೆ ಇನ್ನೊಂದಿಲ್ಲ.

ಒಂಬತ್ತು ಇಂಚಿನ ಇಟ್ಟಂಗಿ ಗೋಡೆಯಾದರೆ 8 ಮಿಲಿಮೀಟರಿನ ಉದ್ದನೆಯ ನೈಲಾನ್ ಗಿಟ್ಟಿ ಮತ್ತು 6 ಮಿಲಿಮೀಟರ್ ದಪ್ಪದ, 90 ಮಿಲಿಮೀಟರಿಗೆ ಕಡಿಮೆಯಿಲ್ಲದ ಸ್ಟೇನ್‌ಲೆಸ್ ಸ್ಕ್ರೂ ಸಾಕು. ಗಿಟ್ಟಿಯ ಹಿಗ್ಗುವ ಭಾಗ ಪೂರ್ತಿಯಾಗಿ ಇಟ್ಟಂಗಿಯ ಒಳಗೆ, ಎರಡು ಇಂಚಿನಷ್ಟಾದರೂ, ಕೂರಬೇಕು. ನಿಮ್ಮ ಬಾರಿನ ಚಕ್ರದ ತೂತುಗಳು 6 ಮಿಲಿಮೀಟರ್ ಸ್ಕ್ರೂವನ್ನು ಒಳಗೆ ಬಿಡುತ್ತವೆಯೇ ಎಂದು ಮೊದಲೇ ನೋಡಿ. ಬಿಡದಿದ್ದರೆ ತೂತನ್ನು ದೊಡ್ಡದು ಮಾಡಿಸಬಹುದು. ಸ್ಕ್ರೂವನ್ನು ತೆಳ್ಳಗೆ ಮಾಡಿ ರಾಜಿಯಾಗಬಾರದು. ಲೋಹದ ಆಂಕರ್ ಫಾಸ್ಟನರ್ ಹಾಕಿಬಿಡೋಣ, ಅದು ಇನ್ನೂ ಗಟ್ಟಿ ಎಂದು ಕೆಲವರು ಹೇಳುತ್ತಾರೆ. ಕಾಂಕ್ರೀಟ್ ಕಂಬಕ್ಕೆ ಅದು ನಿಜ. ಇಟ್ಟಂಗಿಯಲ್ಲಿ ಅದು ಹಿಗ್ಗುವ ರಭಸಕ್ಕೆ ಇಟ್ಟಂಗಿಯೇ ಸೀಳಬಹುದು, ಸೀಳಿದ್ದು ಟೈಲ್ಸಿನ ಹಿಂದೆ ಕಾಣುವುದೂ ಇಲ್ಲ.

ನಾಲ್ಕು ಇಂಚಿನ ಗೋಡೆಗೇ ಬಾರ್ ಬರಬೇಕಾದರೆ, ಅಥವಾ ಒಳಗೆ ಪೊಳ್ಳು ಬ್ಲಾಕೋ ಎಎಸಿ ಬ್ಲಾಕೋ ಇದ್ದರೆ, ನಾನು ಗಿಟ್ಟಿಯನ್ನು ನಂಬುವುದಿಲ್ಲ. ಇಂಥಲ್ಲಿ ನನಗೆ ಸಮಾಧಾನ ಕೊಡುವ ವಿಧಾನ ಒಂದೇ: ಗೋಡೆಯನ್ನು ಆರಪಾರ ಕೊರೆದು, 8 ಮಿಲಿಮೀಟರಿನ ಸ್ಟೇನ್‌ಲೆಸ್ ಥ್ರೆಡ್ ರಾಡ್ (ಉದ್ದಕ್ಕೂ ಸ್ಕ್ರೂವಿನಂತೆ ಸುತ್ತುಗೆರೆಯಿರುವ ಸರಳು) ತೂರಿಸಿ, ಆಚೆ ಬದಿಯಲ್ಲಿ ನಾಲ್ಕು ಇಂಚು ಚೌಕದ, 6 ಮಿಲಿಮೀಟರ್ ದಪ್ಪದ ಸ್ಟೀಲ್ ತಗಡು ಕೊಟ್ಟು ನಟ್ಟು ಬಿಗಿಯುವುದು. ಆಗ ಬಾರ್ ಕಿತ್ತು ಬರಬೇಕಾದರೆ ಗೋಡೆಯ ಒಂದು ತುಂಡೇ ಜೊತೆಗೆ ಬರಬೇಕಾಗುತ್ತದೆ. ಮಲಗುವ ಕೋಣೆಯ ಗೋಡೆಯ ಮೇಲೆ ತಗಡು ಕಾಣುತ್ತದೆಂಬ ಆಕ್ಷೇಪ ಮನೆಯಲ್ಲಿ ಬಂದೇ ಬರುತ್ತದೆ. ಗಿಲಾವನ್ನು ತಗಡಿನ ಅಳತೆಗೆ ಕೆತ್ತಿ, ಒಳಗೆ ಕೂರಿಸಿ, ಮೇಲೆ ಜಾಳಿಗೆ ಹಾಕಿ ಗಿಲಾವು ಬಳಿದರೆ ಬಣ್ಣ ಬಳಿದ ಮೇಲೆ ಯಾರಿಗೂ ತಿಳಿಯದು. ಹಾಗೆ ಮಾಡಲಾಗದಿದ್ದರೆ ಎರಡನೆಯ ದಾರಿ ಕೆಮಿಕಲ್ ಆಂಕರ್: ರಂಧ್ರದಲ್ಲಿ ಜಾಳಿಗೆಯ ಕೊಳವೆ ಇಟ್ಟು ಎರಡು ಭಾಗ ಬೆರೆತು ಗಟ್ಟಿಯಾಗುವ ಅಂಟನ್ನು ತುಂಬಿ, ಅದರೊಳಗೆ ಥ್ರೆಡ್ ರಾಡ್ ನೆಡುವುದು. ಪೊಳ್ಳು ಬ್ಲಾಕಿನಲ್ಲಿ ಆ ಕೊಳವೆ ಇಲ್ಲದೆ ಅಂಟು ಸುರಿದರೆ ಅದು ಪೊಳ್ಳಿನೊಳಗೆ ಬಿದ್ದು ವ್ಯರ್ಥವಾಗುತ್ತದೆ, ರಾಡಿಗೆ ಏನೂ ಹಿಡಿಯುವುದಿಲ್ಲ.

ಇದನ್ನು ಓದುವ ಇತರರ ಮನೆಗಳು ನಿಮ್ಮದರಂತೆ ಇರಲಾರವು, ಆದ್ದರಿಂದ ಒಂದು ಮಾತು. ಬೆಳಗಾವಿ, ಖಾನಾಪುರದ ಕಡೆಯ ಜಂಬಿಟ್ಟಿಗೆ ಗೋಡೆ ನೋಡಲು ಗಟ್ಟಿಯಾಗಿದ್ದರೂ ಒಳಗೆ ಜೇನುಗೂಡಿನಂತೆ ತೂತುತೂತು. ಹಿಗ್ಗುವ ಯಾವ ಫಾಸ್ಟನರನ್ನೂ ಅದು ಸಹಿಸುವುದಿಲ್ಲ, ಕೆಮಿಕಲ್ ಆಂಕರೇ ಸರಿ. ಬಾದಾಮಿ ಸೀಮೆಯ ಮರಳುಗಲ್ಲಿನ ಹಳೆಯ ಮನೆಗಳಲ್ಲಿ, ವಿಜಯಪುರದ ಕರಿಗಲ್ಲಿನ ಗೋಡೆಗಳಲ್ಲಿ ಕಲ್ಲು ಮಾತ್ರ ಗಟ್ಟಿ, ಕಲ್ಲುಗಳ ನಡುವೆ ಇರುವುದು ಮಣ್ಣು ಅಥವಾ ಸುಣ್ಣದ ಗಾರೆ. ಸ್ಕ್ರೂ ಸಂದಿಗೆ ಬಿದ್ದರೆ ಗಿಲಾವಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಅಲ್ಲಿ ಬಾರಿನ ಜಾಗವನ್ನು ಎರಡು ಇಂಚು ಆಚೀಚೆ ಮಾಡಿಯಾದರೂ ಕಲ್ಲಿನ ನಡುಭಾಗವನ್ನೇ ಹುಡುಕಬೇಕು. ಎರೆಭೂಮಿಯ ಮೇಲೆ ಕಟ್ಟಿದ ಮನೆಗಳಲ್ಲಿ ಬೇಸಿಗೆಗೆ ಬಿಟ್ಟು ಮಳೆಗಾಲಕ್ಕೆ ಕೂಡುವ ಬಿರುಕುಗಳಿದ್ದರೆ ಆ ಬಿರುಕಿನ ಹತ್ತಿರ ಬಾರ್ ಬೇಡವೇ ಬೇಡ.

ಇನ್ನು ಜಾಗ ಮತ್ತು ಎತ್ತರ. ಮೇಲೆ ಹೇಳಿದ ಮಾನದಂಡದಲ್ಲಿ ಅಡ್ಡ ಬಾರಿನ ಎತ್ತರ ನೆಲದಿಂದ 33ರಿಂದ 36 ಇಂಚು. ಬಾರಿನ ದಪ್ಪ 32ರಿಂದ 51 ಮಿಲಿಮೀಟರ್. ಗೋಡೆಗೂ ಬಾರಿಗೂ ನಡುವೆ 38 ಮಿಲಿಮೀಟರ್ ಸಂದಿ. ಈ ಸಂದಿ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ಅನಿಸಬಹುದು. ಅಲ್ಲ. ಬೀಳುವವರ ಕೈ ಬಾರಿನಿಂದ ಜಾರಿ ಮುಂಗೈ ಆ ಸಂದಿಯೊಳಗೆ ಇಳಿದು ಸಿಕ್ಕಿಕೊಂಡರೆ ಮೂಳೆ ಮುರಿಯುವ ಅಪಾಯವಿದೆ. ದಪ್ಪದಲ್ಲಿ, ವಯಸ್ಸಾದ ಹೆಂಗಸರ ಕೈಗೆ 32ರಿಂದ 38 ಮಿಲಿಮೀಟರ್ ಹದವಾಗಿರುತ್ತದೆ. ಬೆರಳುಗಳು ಸುತ್ತು ಬಂದು ಹೆಬ್ಬೆರಳನ್ನು ಮುಟ್ಟುವಷ್ಟಿರಬೇಕು.

ಆದರೆ 33–36 ಇಂಚು ಎಂಬುದು ಎಲ್ಲರಿಗೂ ಹೊಂದಲೆಂದು ಗೊತ್ತುಮಾಡಿದ ಅಳತೆ. ನಿಮ್ಮ ಬಚ್ಚಲಮನೆಯನ್ನು ಬಳಸುವವರು ನಿಮ್ಮ ತಾಯಿಯವರು ಒಬ್ಬರೇ ಆದರೆ ಅವರ ಮೈಯೇ ಅಳತೆಗೋಲು. ನೆಲ ಒಣಗಿರುವಾಗ, ಸೀರೆ ಉಟ್ಟಂತೆಯೇ ಅವರನ್ನು ಸ್ನಾನದ ಜಾಗದಲ್ಲಿ ಕೂರಿಸಿ, ನೀವು ಪಕ್ಕದಲ್ಲಿ ನಿಂತು, ನಾಲ್ಕಾರು ಸಲ ಎದ್ದು ಕೂರಲು ಹೇಳಿ. ಪ್ರತಿ ಸಲವೂ ಅವರ ಕೈ ತಾನಾಗಿಯೇ ಗೋಡೆಯ ಯಾವ ಜಾಗಕ್ಕೆ ಹೋಗುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಮೂರ್ನಾಲ್ಕು ಗುರುತುಗಳು ಒಂದೆಡೆ ಗುಂಪುಗೂಡುತ್ತವೆ. ಬಾರಿನ ನಡುಭಾಗ ಅಲ್ಲಿಗೆ ಬರಬೇಕು. ಅವರಿಗೆ ವ್ಯಾಯಾಮ ಹೇಳಿಕೊಟ್ಟ ಫಿಸಿಯೋಥೆರಪಿಯವರು ಒಮ್ಮೆ ಮನೆಗೆ ಬಂದು ನೋಡುವುದಾದರೆ ಇನ್ನೂ ಒಳ್ಳೆಯದು, ಏಕೆಂದರೆ ಯಾವ ಕೈಗೆ ಹೆಚ್ಚು ಭಾರ ಕೊಡಬೇಕೆಂಬುದು ಅವರಿಗೆ ಗೊತ್ತಿರುತ್ತದೆ.

ಅಡ್ಡ ಬಾರನ್ನು ಒತ್ತಿ ಏಳುತ್ತೇವೆ, ನಿಲುವು ಬಾರನ್ನು ಹಿಡಿದು ಸಮತೋಲ ಕಾಯುತ್ತೇವೆ. ಎರಡರ ಕೆಲಸವೂ ಬೇರೆ, ಹೀಗಾಗಿ ನಿಮ್ಮಲ್ಲಿ ಒಂದು ಬಾರ್ ಸಾಲದು. ಕುಳಿತ ಜಾಗದ ಪಕ್ಕದ ಗೋಡೆಗೆ ಈ 24 ಇಂಚಿನದು ಅಡ್ಡವಾಗಿ ಬರಲಿ. ನೀರು ಬೀಳುವ ಜಾಗಕ್ಕೆ ಕಾಲಿಡುವ ಕಡೆ, ಹೊಸ್ತಿಲ ಈಚೆ ಒಣ ನೆಲದಲ್ಲಿ ನಿಂತಾಗಲೇ ಕೈಗೆ ಸಿಗುವಂತೆ, 18 ಇಂಚಿನ ಇನ್ನೊಂದು ನಿಲುವಾಗಿ ಬರಲಿ. ಓರೆಯಾಗಿ ಕೂರಿಸಿದ ಬಾರ್ ಚೆಂದ ಕಾಣುತ್ತದೆಂದು ಕೆಲವರು ಹಾಗೆ ಮಾಡಿಸುತ್ತಾರೆ. ಸಾಬೂನು ಹತ್ತಿದ ಕೈ ಅದರ ಮೇಲೆ ಇಳಿಜಾರಿನ ಕಡೆ ಜಾರುತ್ತದೆ, ನಾನು ಒಪ್ಪುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು: ಅದರ ಕಾಲುಗಳು ಒದ್ದೆ ನೆಲದ ಮೇಲೆ ಹೊರಕ್ಕೆ ಅಗಲಿಸುತ್ತವೆ. ರಬ್ಬರ್ ಪಾದಗಳಿರುವ ಸ್ನಾನದ ಸ್ಟೂಲ್ ತನ್ನಿ. ಸ್ಟೂಲಿನ ಎತ್ತರ ಬೇರೆಯಾದರೆ ಸೀಮೆಸುಣ್ಣದ ಗುರುತೂ ಬೇರೆಯಾಗುತ್ತದೆ, ಆದ್ದರಿಂದ ಮೊದಲು ಸ್ಟೂಲ್, ಆಮೇಲೆ ಗುರುತು.

ಕೊರೆಯುವ ಮುನ್ನ ಗೋಡೆಯೊಳಗಿನ ಪೈಪು ಮತ್ತು ವೈರನ್ನು ನೆನೆಯಿರಿ. ಮಿಕ್ಸರ್‌ನಿಂದ ಶವರಿಗೆ ಪೈಪು ನೇರ ಮೇಲೆ ಹೋಗಿರುತ್ತದೆ. ಗೀಸರಿನಿಂದ ಎರಡು ಪೈಪುಗಳು ಕೆಳಗಿಳಿದು ಅಡ್ಡಲಾಗಿ ಮಿಕ್ಸರಿಗೆ ಬಂದಿರುತ್ತವೆ. ಗೀಸರಿನ ಸ್ವಿಚ್ಚಿನಿಂದ ವೈರಿನ ಕೊಳವೆ ಬಂದಿರುತ್ತದೆ. ಯಾವುದೇ ನಲ್ಲಿಯ ನೇರ ಮೇಲೆ, ಕೆಳಗೆ, ಅಕ್ಕಪಕ್ಕದ ಸಾಲಿನಲ್ಲಿ ಆರು ಇಂಚಿನೊಳಗೆ ಕೊರೆಯಬೇಡಿ. ಮನೆ ಕಟ್ಟುವಾಗ ಟೈಲ್ಸಿಗೆ ಮುಂಚೆ ಯಾರಾದರೂ ಮೊಬೈಲಿನಲ್ಲಿ ಫೋಟೋ ತೆಗೆದಿದ್ದರೆ ಹುಡುಕಿ ತೆಗೆಯಿರಿ, ಅದಕ್ಕೆ ಈಗ ಚಿನ್ನದ ಬೆಲೆ. ಗೋಡೆಯ ಮೇಲೆ ಸರಿಸಿ ನೋಡುವ ಡಿಟೆಕ್ಟರ್ ಕಬ್ಬಿಣದ ಪೈಪನ್ನೂ ಕರೆಂಟ್ ಇರುವ ವೈರನ್ನೂ ತೋರಿಸುತ್ತದೆ. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿನ ವಿಷಯದಲ್ಲಿ ಅದನ್ನು ನಂಬಿ ಕೂರಬಾರದು. ಡಿಟೆಕ್ಟರ್ ಆಡಿಸಿ ಗುರುತು ಹಾಕಿದ ಮೇಲೆ ಮೇನ್ ಸ್ವಿಚ್ ಆರಿಸಿ, ಬ್ಯಾಟರಿಯ ಡ್ರಿಲ್ಲಿನಿಂದ ಕೆಲಸ ಮಾಡಿಸಿ.

ಈಗ ಟೈಲ್ಸ್. ಅದು ಹೆಚ್ಚಾಗಿ ಒಡೆಯುವುದು ಎರಡು ಕಾರಣಕ್ಕೆ: ಡ್ರಿಲ್ಲಿನ ಹ್ಯಾಮರ್ ಗುಂಡಿ ಹಾಕಿರುವುದು, ಇಲ್ಲವೇ ಟೈಲ್ಸಿನ ಹಿಂದೆ ಪೊಳ್ಳಾಗಿರುವುದು. ಬೆರಳ ಗೆಣ್ಣಿನಿಂದ ಟೈಲ್ಸನ್ನು ತಟ್ಟಿ ನೋಡಿದರೆ ಪೊಳ್ಳಿನ ಸದ್ದು ತಿಳಿಯುತ್ತದೆ, ಅಂಥಲ್ಲಿ ಕೊರೆಯಬಾರದು. ಗುರುತಿನ ಮೇಲೆ ಕಾಗದದ ಟೇಪ್ ಅಂಟಿಸಿ, ಹ್ಯಾಮರ್ ಆರಿಸಿ, ನಿಧಾನ ವೇಗದಲ್ಲಿ, ಸಾದಾ ಸಿರಾಮಿಕ್ ಟೈಲ್ಸಾದರೆ ಭಲ್ಲೆಯ ಮೊನೆಯಂಥ ಗ್ಲಾಸ್ ಬಿಟ್ಟಿನಿಂದ, ವಿಟ್ರಿಫೈಡ್ ಅಥವಾ ಗ್ರಾನೈಟ್ ಆದರೆ ನೀರು ಬಿಡುತ್ತ ಡೈಮಂಡ್ ಬಿಟ್ಟಿನಿಂದ ಕೊರೆಯಬೇಕು. ಅಂಚಿನಿಂದ ಒಂದು ಇಂಚಿನಷ್ಟಾದರೂ ಒಳಗಿರಿ. ಎರಡು ಟೈಲ್ಸಿನ ನಡುವಿನ ಸಂದಿಯಲ್ಲಿ ಕೊರೆದರೆ ಸುರಕ್ಷಿತ ಎಂಬ ನಂಬಿಕೆ ನಮ್ಮಲ್ಲಿ ಬಹಳ ಇದೆ. ವಾಸ್ತವದಲ್ಲಿ ಅಲ್ಲಿಯೇ ಎರಡೂ ಅಂಚು ಚಕ್ಕೆ ಏಳುತ್ತವೆ. ಗಿಟ್ಟಿ 8 ಮಿಲಿಮೀಟರಿನದಾದರೂ ಟೈಲ್ಸಿನ ತೂತು 10 ಮಿಲಿಮೀಟರ್ ಇರಲಿ, ಆಗ ಗಿಟ್ಟಿ ಹಿಗ್ಗಿದಾಗ ಟೈಲ್ಸಿನ ಮೇಲೆ ಒತ್ತಡ ಬೀಳುವುದಿಲ್ಲ. ಟೈಲ್ಸ್ ದಾಟಿದ ಮೇಲೆ 8 ಮಿಲಿಮೀಟರಿನ ಗೋಡೆಯ ಬಿಟ್ಟಿಗೆ ಬದಲಿಸಿ. ನಾಲ್ಕು ಇಂಚಿನ ಗೋಡೆಯಲ್ಲಿ, ಎಎಸಿ ಬ್ಲಾಕಿನಲ್ಲಿ ಆಗಲೂ ಹ್ಯಾಮರ್ ಬೇಡ. ಗಿಟ್ಟಿಯ ತುದಿ ನಿಲ್ಲುವ ಜಾಗಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚು ಆಳ ಕೊರೆದು, ಬಿಟ್ಟಿನ ಮೇಲೆ ಆ ಅಳತೆಗೆ ಟೇಪ್ ಸುತ್ತಿಕೊಳ್ಳಲಿ. ರಂಧ್ರದ ಪುಡಿಯನ್ನು ಸಣ್ಣ ಬ್ರಷ್ಷಿನಿಂದ, ಗಾಳಿಯಿಂದ ಪೂರ್ತಿ ಹೊರಹಾಕದಿದ್ದರೆ ಗಿಟ್ಟಿಯಾಗಲಿ ಅಂಟಾಗಲಿ ಗೋಡೆಯನ್ನಲ್ಲ, ಪುಡಿಯನ್ನು ಹಿಡಿಯುತ್ತದೆ. ರಂಧ್ರ ದೊಡ್ಡದಾಯಿತೆಂದು ಕಟ್ಟಿಗೆಯ ತುಂಡು ಬಡಿಯುವ, ಬಿಳಿ ಸಿಮೆಂಟ್ ತುಂಬುವ ಹಳೆಯ ಉಪಾಯಗಳನ್ನು ಬಚ್ಚಲಮನೆಯಲ್ಲಿ ಬಿಡಬೇಕು. ಕಟ್ಟಿಗೆ ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ.

ಸ್ಕ್ರೂ ಹಾಕುವ ಮುನ್ನ ಟೈಲ್ಸಿನ ತೂತಿನ ಬಾಯಿಗೆ ಮತ್ತು ಚಕ್ರದ ಹಿಂದೆ ಸಿಲಿಕಾನ್ ಹಚ್ಚಿ, ಕೆಳಗಿನ ಅಂಚಿನಲ್ಲಿ ಮಾತ್ರ ಒಂದು ಬೆರಳಿನಷ್ಟು ಖಾಲಿ ಬಿಡಿಸಿ. ಒಳಗೆ ನೀರು ಹೋದರೂ ಹೊರಬರಲು ದಾರಿ ಇರುತ್ತದೆ. ಸಿಲಿಕಾನ್ ನೀರು ತಡೆಯಲಿಕ್ಕೆ, ಭಾರ ಹೊರಲಿಕ್ಕಲ್ಲ. ಸ್ಕ್ರೂ ಬಿಗಿಯುವಾಗ ಆರರಲ್ಲಿ ಒಂದಾದರೂ ಬಿಗಿಯಾಗದೆ ಸುಮ್ಮನೆ ತಿರುಗುತ್ತಿದ್ದರೆ ಅಲ್ಲಿ ಗೋಡೆ ಹಿಡಿದಿಲ್ಲವೆಂದು ಅರ್ಥ. ‘ಉಳಿದ ಐದು ಇದಾವಲ್ರೀ’ ಎಂಬ ಸಮಾಧಾನಕ್ಕೆ ಒಪ್ಪಬೇಡಿ. ಆ ರಂಧ್ರಕ್ಕೆ ಕೆಮಿಕಲ್ ಆಂಕರ್ ಹಾಕಿಸಿ, ಇಲ್ಲವೇ ಬಾರನ್ನೇ ಸರಿಸಿ.

ನೀವು ತಂದಿರುವ ಬಾರಿನ ಬಗ್ಗೆಯೂ ಎರಡು ಮಾತು. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು, ಅಂಟಲಿಲ್ಲ ನೋಡಿ, ಇದು 304 (ತುಕ್ಕು ಸುಲಭಕ್ಕೆ ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನ ದರ್ಜೆ) ಎಂದು ತೋರಿಸುತ್ತಾರೆ. 202 ಎಂಬ ಅಗ್ಗದ ಸ್ಟೀಲಿಗೂ ಅಯಸ್ಕಾಂತ ಹೆಚ್ಚುಕಡಿಮೆ ಅಂಟುವುದಿಲ್ಲ, ಆದರೆ ಅದು ಒದ್ದೆಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಅಯಸ್ಕಾಂತವನ್ನಲ್ಲ, ಬಾರಿನ ಮೇಲೆ ಅಥವಾ ಬಿಲ್ಲಿನಲ್ಲಿ 304 ಎಂದು ಬರೆದಿರುವುದನ್ನು ನೋಡಿ. ನುಣುಪು ಹೊಳಪಿನ ಬಾರಿಗಿಂತ ತರಿಯಿರುವ ಮೇಲ್ಮೈ ಒದ್ದೆ ಕೈಗೆ ಮೇಲು. ತಿಳಿಬಣ್ಣದ ಟೈಲ್ಸಿನ ಮೇಲೆ ಹೊಳೆಯುವ ಸ್ಟೀಲ್ ಮಂದಗಣ್ಣಿಗೆ ಕಾಣುವುದಿಲ್ಲ. ಜಾರದ, ಗಾಢ ಬಣ್ಣದ ಟೇಪ್ ಸುತ್ತಿದರೆ ಎರಡೂ ಕೊರತೆ ನೀಗುತ್ತವೆ. ಬಚ್ಚಲು ತೊಳೆಯುವ ಆಸಿಡ್ ಬಾರಿಗೆ ತಾಗದಿರಲಿ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ 304ನ್ನೂ ತಿನ್ನುತ್ತದೆ, ಮೊದಲು ತಿನ್ನುವುದು ಚಕ್ರದ ಹಿಂದೆ ಕಾಣದ ಸ್ಕ್ರೂಗಳನ್ನು. ಉಪ್ಪಿನ ಕರೆಗೆ ವಾರಕ್ಕೊಮ್ಮೆ ಒದ್ದೆ ಬಟ್ಟೆ ಸಾಕು. ಒದ್ದೆ ಸೀರೆ, ಟವೆಲ್ ಹಾಕಲು ಬೇರೆ ಗೂಟ ಹೊಡೆಸಿ; ಬೀಳುವವರು ಬಟ್ಟೆಯನ್ನು ಹಿಡಿದರೆ ಬಟ್ಟೆಯೊಂದಿಗೇ ಜಾರುತ್ತಾರೆ.

ಸಿಲಿಕಾನ್ ಹಾಗೂ ಅಂಟು ಒಣಗಲು ಒಂದು ಪೂರ್ತಿ ದಿನ ಬಿಡಿ. ಅಂಟಿನ ಕೊಳವೆಯ ಮೇಲೆ ಬರೆದ ಅವಧಿ ಅದಕ್ಕಿಂತ ಹೆಚ್ಚಿದ್ದರೆ ಅಷ್ಟು ಹೊತ್ತು ಕಾಯಿರಿ. ಆನಂತರ ನೆಲ ಒಣಗಿರುವಾಗ ಮನೆಯಲ್ಲಿ ಎಲ್ಲರಿಗಿಂತ ಭಾರವಾಗಿರುವವರು ಬಾರನ್ನು ಎರಡೂ ಕೈಯಿಂದ ಹಿಡಿದು, ಮೊದಲು ಮೆಲ್ಲಗೆ, ಆಮೇಲೆ ಮೊಣಕಾಲು ಮಡಚಿ ಮೈಭಾರವೆಲ್ಲವನ್ನೂ ಅದರ ಮೇಲೆ ಬಿಡಲಿ; ನಡುವೆ ಒಮ್ಮೆ, ಎರಡೂ ತುದಿಗಳಲ್ಲಿ ಒಂದೊಂದು ಸಲ. ಕೂದಲೆಳೆಯಷ್ಟು ಅಲುಗಿದರೂ, ಚಕ್ರದ ಸುತ್ತ ಸಿಲಿಕಾನ್ ಬಿರಿದರೂ, ಟೈಲ್ಸಿನಿಂದ ಟಿಕ್ ಎಂಬ ಸದ್ದು ಬಂದರೂ ಬಿಚ್ಚಿಸಿ ನೋಡಬೇಕು. ಮೂರು ತಿಂಗಳಿಗೊಮ್ಮೆ ಇದೇ ಪರೀಕ್ಷೆ ನಡೆಯಲಿ, ಚಕ್ರದ ಕೆಳಗೆ ತುಕ್ಕಿನ ಕಂದು ಗೆರೆ ಇಳಿದಿದೆಯೇ ಎಂದೂ ನೋಡಲಿ. ಮೊದಲ ಪರೀಕ್ಷೆ ಮುಗಿಯುವವರೆಗೆ ನಿಮ್ಮ ತಾಯಿಯವರು ಸ್ನಾನಕ್ಕೆ ಹೋದಾಗ ನೀವೋ ಮನೆಯ ಇನ್ನೊಬ್ಬರೋ ಕೈಯಳತೆಯಲ್ಲಿ ಇರಿ, ಬಾಗಿಲಿಗೆ ಒಳಗಿನ ಚಿಲಕ ಹಾಕದಿರಲಿ.